ಕುಸುಬೆ ಎಣ್ಣೆ ಮತ್ತು ರಕ್ತದ ಸಕ್ಕರೆ: ಘಟಪ್ರಭಾ ಬಯಲಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಗೋಕಾಕ ತಾಲ್ಲೂಕಿನ ಧುಪದಾಳದಲ್ಲಿ ಘಟಪ್ರಭೆಗೆ 1897ರಲ್ಲಿ ಕಟ್ಟಿದ ಒಡ್ಡಿನಿಂದ ಎಡದಂಡೆ ಕಾಲುವೆ ಹೊರಡುತ್ತದೆ. ನೀರು ಕಂಡ ಎರೆ ಹೊಲಗಳಲ್ಲಿ ಈಗ ಕಬ್ಬಿನದೇ ಮೇಲುಗೈ. ಹಿಂಗಾರಿ ಜೋಳದೊಡನೆ ಅಕ್ಕಡಿಯಾಗಿ ಬರುವ ಕುಸುಬೆ ಭೂಮಿಯ ಹಸಿಯಲ್ಲೇ ಬೆಳೆಯುವ ಪೈರು. ಬುಡದಲ್ಲಿ ನೀರು ನಿಂತರೆ ಅದರ ಬೇರು ಕೊಳೆಯುತ್ತದೆ. ಹಾಗಾಗಿ ಹೇರಳ ನೀರಾವರಿಯ ಜತೆ ಅದು ಬಾಳದು. ಹೀಗೆ ಹಿಂದೆ ಸರಿದ ಕುಸುಬೆಯ ಎಣ್ಣೆಯನ್ನು ಮಧುಮೇಹದ ದೃಷ್ಟಿಯಿಂದಲೂ ನೋಡಬೇಕಿದೆ. ಮಧುಮೇಹಕ್ಕೆ ಔಷಧೀಯ ತೈಲವೆಂದರೆ ಬೇವು, ಹೊಂಗೆಗಳ ಹೆಸರು ಮೊದಲು ಕೇಳಿಬರುತ್ತದೆ. ಆದರೆ ಅವುಗಳ ಪ್ರಯೋಗಗಳು ಬಹುಪಾಲು ಇಲಿಗಳ ಮೇಲೆ ನಡೆದಿವೆ. ಬೇವಿನೆಣ್ಣೆ ಕುಡಿಸಿದ ಮಕ್ಕಳಲ್ಲಿ ವಿಷಬಾಧೆಯೂ ವರದಿಯಾಗಿದೆ. ಒಗ್ಗರಣೆಗೆ ಬಳಸುವ ಕುಸುಬೆ ಎಣ್ಣೆಯನ್ನು ಮಾತ್ರ ಮಧುಮೇಹಿಗಳಲ್ಲೇ ಪರೀಕ್ಷಿಸಲಾಗಿದೆ. ಆ ಪುರಾವೆಯನ್ನು ತೂಗಿದರೆ, ಎಣ್ಣೆಯ ಗುಣ ಅದು ಊಟದಲ್ಲಿ ಯಾವುದರ ಜಾಗಕ್ಕೆ ಬರುತ್ತದೆ ಎಂಬುದನ್ನು ಅವಲಂಬಿಸಿದೆ ಎಂಬುದೇ ಈ ಲೇಖನದ ವಾದ.

ಅಮೆರಿಕದ ಒಹಾಯೊದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಟ್ಟು ನಿಂತ, ಬೊಜ್ಜಿರುವ ಮಧುಮೇಹಿ ಮಹಿಳೆಯರು ದಿನಕ್ಕೆ 8 ಗ್ರಾಂ ಕುಸುಬೆ ಎಣ್ಣೆಯನ್ನು 16 ವಾರ ಸೇವಿಸಿದರು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಸುಮಾರು 0.6 ಶೇಕಡಾ ಅಂಶದಷ್ಟು ಇಳಿಯಿತು. ಈ ಎಣ್ಣೆಯ ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ. ಅದು ಜೀವಕೋಶದ ಪೊರೆಯನ್ನು ಸೇರಿ ಇನ್ಸುಲಿನ್ನಿನ ಕೆಲಸವನ್ನು ಸುಗಮಗೊಳಿಸುತ್ತದೆಂಬುದು ಒಂದು ವಿವರಣೆ. 2017ರಲ್ಲಿ 10 ದೇಶಗಳ 39,740 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗಲೂ, ದೇಹದಲ್ಲಿ ಈ ಆಮ್ಲ ಹೆಚ್ಚಿದ್ದವರಿಗೆ ಮುಂದೆ ಮಧುಮೇಹ ಬರುವ ಸಂಭವ ಕಡಿಮೆಯಿತ್ತು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಒಹಾಯೊ ಅಧ್ಯಯನ ಚಿಕ್ಕದು; ಅದರಲ್ಲಿ ಕುಸುಬೆಗೆ ಎದುರಾಗಿ ಇಟ್ಟದ್ದು ಮತ್ತೊಂದು ಕೊಬ್ಬಿನಾಮ್ಲವನ್ನೇ. ಆದ್ದರಿಂದ 0.6 ಎಂಬ ಅಂಕಿಯನ್ನು ಭರವಸೆಯೆಂದು ಹಿಡಿಯಲಾಗದು. 2016ರ ವಿಶ್ಲೇಷಣೆ 102 ಪ್ರಯೋಗಗಳನ್ನು ಪರಿಶೀಲಿಸಿ ಹೆಚ್ಚು ನಂಬಬಹುದಾದ ಅಳತೆ ಕೊಡುತ್ತದೆ: ಊಟದ ಒಟ್ಟು ಶಕ್ತಿಯಲ್ಲಿ ಶೇ. 5ರಷ್ಟನ್ನು ಪಿಷ್ಟ, ಸಕ್ಕರೆಗಳ ಬದಲು ಇಂಥ ಬಹು ಅಪರ್ಯಾಪ್ತ ಕೊಬ್ಬಿಗೆ ಬಿಟ್ಟುಕೊಟ್ಟಾಗ ಎಚ್‌ಬಿಎ1ಸಿ ಇಳಿದದ್ದು 0.11 ಮಾತ್ರ. ಲಾಭ ಸಣ್ಣದು, ಆದರೆ ನಿಜ. ಎಣ್ಣೆಯಿಂದ ಮೈ ಬರುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಗ್ರಾಂಗೆ 9 ಕ್ಯಾಲೊರಿಯಂತೆ 8 ಗ್ರಾಂಗೆ 72 ಕ್ಯಾಲೊರಿ. ಪಾಮೆಣ್ಣೆ, ವನಸ್ಪತಿ, ಬೆಲ್ಲದ ಚಹಾಗಳಲ್ಲಿ ಅಷ್ಟು ಕಡಿತವಾಗದೆ ಮೇಲೆ ಸುರಿದುಕೊಂಡರೆ ಆಕ್ಷೇಪವೇ ಗೆಲ್ಲುತ್ತದೆ. ಬಜ್ಜಿ ಕರಿದ ಎಣ್ಣೆಯನ್ನೇ ಮತ್ತೆ ಕಾಯಿಸಿದರೂ ಅಷ್ಟೆ, ಲಿನೋಲಿಯಿಕ್ ಆಮ್ಲ ಬೇಗ ಕೆಡುತ್ತದೆ.

ಮಾತ್ರೆ, ಇನ್ಸುಲಿನ್ ಬಿಟ್ಟು ಎಣ್ಣೆಯನ್ನು ನೆಚ್ಚಲು ಈ ಪುರಾವೆಯಲ್ಲಿ ಆಧಾರವಿಲ್ಲ. ರೊಟ್ಟಿ ಊಟದ ಈ ಭಾಗದಲ್ಲಿ, ಶೇಂಗಾ ಎಣ್ಣೆಯನ್ನು ಎದುರಿಗಿಟ್ಟು ಕುಸುಬೆಯನ್ನು ಪರೀಕ್ಷಿಸುವುದು ಮುಂದಿನ ಕೆಲಸ. ಬೆಳಗಾವಿಯ ರಾಷ್ಟ್ರೀಯ ಪಾರಂಪರಿಕ ಔಷಧ ಸಂಸ್ಥೆಗೆ ಅದು ತಕ್ಕ ವಿಷಯ. ಫಲಿತಾಂಶ ಅನುಕೂಲವಾಗಿ ಬಂದರೆ, ಕಾಲುವೆ ತಲುಪದ ಎರೆ ಹೊಲಗಳಲ್ಲಿ ಕುಸುಬೆ ಬಿತ್ತುವುದಕ್ಕೆ ಆರೋಗ್ಯದ ಕಾರಣವೂ ಸೇರುತ್ತದೆ.