ಬೇಗಮಾತಿ ಜಬಾನ್: ಗೋಡೆಯೊಳಗಿನ ಉರ್ದು

ರಾತ್ರಿ ಹೊತ್ತು ನಮ್ಮ ದಾದಿ ಹಾವಿನ ಹೆಸರೆತ್ತುತ್ತಿರಲಿಲ್ಲ. 'ರಸ್ಸಿ' ಅನ್ನುತ್ತಿದ್ದರು, ಹಗ್ಗ. ಪಕ್ಕದ ಮನೆಯ ಅಜ್ಜಿ ಅದನ್ನೇ 'ಹುಳ' ಅನ್ನುತ್ತಿದ್ದರು. ದೀಪ ಆರಿಸುವುದೆಂದರೆ ಇಬ್ಬರಿಗೂ ಅಪಶಕುನ. ಅಜ್ಜಿ 'ದೀಪ ದೊಡ್ಡದು ಮಾಡು' ಎಂದರೆ ದಾದಿ 'ಚಿರಾಗ್ ಬಢಾ ದೋ' ಎನ್ನುತ್ತಿದ್ದರು. ಭಾಷೆ ಬೇರೆ, ಮಾತು ಒಂದೇ. ಉರ್ದು ಶಾಲೆಯಲ್ಲಿ ನಾಲ್ಕಕ್ಷರ ಕಲಿತಿದ್ದ ನಾನು ಮಾತ್ರ ದಾದಿಯ ಮಾತು ಕೇಳಿ ನಗುತ್ತಿದ್ದೆ, ತಿದ್ದುತ್ತಿದ್ದೆ.

ಹಾಗೆ ತಿದ್ದಿದವರಲ್ಲಿ ನಾನು ಮೊದಲಿಗನಲ್ಲ. ದೆಹಲಿ, ಲಖನೌಗಳ ಷರೀಫ್ ಮನೆತನಗಳ ಜನಾನಾದಲ್ಲಿ ಬೆಳೆದ ಹೆಂಗಸರ ಉರ್ದುವಿಗೆ 'ಬೇಗಮಾತಿ ಜಬಾನ್' ಎಂದು ಹೆಸರು. ಗಂಡಸರು ಮಕ್ತಬ್‌ಗೆ, ಕಚೇರಿಗೆ ಹೋಗಿ ಫಾರಸಿ ಕಲಿತರು. ಹೆಂಗಸರಿಗೆ ಸಿಕ್ಕಿದ್ದು ದಾಸಿಯರು, ಹಾಲೂಡಿಸುವ ದಾಯಿಗಳು, ಬಾಗಿಲಿಗೆ ಬರುವ ಬಳೆಗಾರ್ತಿಯರು. ಹೀಗಾಗಿ ಅವರ ಮಾತಿನಲ್ಲಿ ಫಾರಸಿ ಕಡಿಮೆ, ನೆಲದ ಸೊಗಡು ಹೆಚ್ಚು. 'ಹಾಗಾಗದಿರಲಿ ದೇವರೇ' ಅನ್ನಲು ಅವರಿಗೆ 'ನೌಜ್' ಎಂಬ ಒಂದೇ ಪದ ಸಾಕಿತ್ತು. ಗಂಡಸು ಅದನ್ನಾಡಿದರೆ ನಗೆಪಾಟಲು. ಬೈಗುಳಕ್ಕೆ 'ಮುವಾ' ಇತ್ತು, ಸತ್ತವನು ಎಂದರ್ಥ. ಆದರೆ ಬಳೆ ಒಡೆದರೆ ಒಡೆಯಿತು ಅನ್ನುವಂತಿಲ್ಲ, 'ಠಂಡಿ' ಆಯಿತು ಅನ್ನಬೇಕು. ಗಂಡನ ಹೆಸರನ್ನಂತೂ ಬಾಯಿಬಿಡುವಂತಿಲ್ಲ. ಅವನು ಮಗುವಿನ ಅಬ್ಬಾ ಅಷ್ಟೆ. ನಮ್ಮ ಕಡೆಯ 'ನಮ್ಮನೆಯವರು' ಇದ್ದ ಹಾಗೆ.

ಈ ಮಾತನ್ನು ಮೊದಲು ಕಾಗದಕ್ಕಿಳಿಸಿದವರು ಗಂಡಸರೇ. 17ನೇ ಶತಮಾನದಲ್ಲಿ ನಮ್ಮ ಬಿಜಾಪುರದ ಹಾಶ್ಮಿ ದಖನಿಯಲ್ಲಿ ಹೆಣ್ಣಿನ ದನಿಯ ಗಜಲ್‌ಗಳನ್ನು ಬರೆದ. ನೂರು ವರ್ಷದ ನಂತರ ಸಆದತ್ ಯಾರ್ ಖಾನ್ ರಂಗೀನ್ 'ರೇಖ್ತಿ' ಎಂಬ ಪ್ರಕಾರ ತನ್ನದೇ ಎಂದು ಹೇಳಿಕೊಂಡ. ಈ ನುಡಿಗಟ್ಟು ವೇಶ್ಯೆಯರ ಒಡನಾಟದಲ್ಲಿ ಕಲಿತದ್ದೆಂದು ಅವನೇ ಒಪ್ಪಿಕೊಂಡಿದ್ದಾನೆ. ಅವನ ಗೆಳೆಯ ಇನ್ಷಾ 1808ರ ತನ್ನ 'ದರಿಯಾ-ಎ-ಲತಾಫತ್' ವ್ಯಾಕರಣದಲ್ಲಿ ದೆಹಲಿಯ ಹೆಂಗಸರ ಮಾತಿಗೂ ಜಾಗ ಕೊಟ್ಟ. ಮುಷಾಯಿರಾಗಳಲ್ಲಿ ಗಂಡಸರು ರೇಖ್ತಿ ಕೇಳಿ ಚಪ್ಪಾಳೆ ತಟ್ಟಿದರು. ತಮ್ಮ ಮಾತು ಹೀಗೆ ವಿನೋದವಾದದ್ದು ಒಳಮನೆಯವರಿಗೆ ಹೇಗೆನಿಸಿತೋ, ಅದನ್ನು ಯಾರೂ ಕೇಳಿದಂತಿಲ್ಲ.

1857ರ ನಂತರ ಗಾಳಿ ಬದಲಾಯಿತು. ಸುಧಾರಕರಿಗೆ ಮನೆಯೂ ತಿದ್ದಬೇಕಾದ ವಸ್ತುವಾಯಿತು. ನಜೀರ್ ಅಹ್ಮದ್ ತಮ್ಮ ಹೆಣ್ಣುಮಕ್ಕಳಿಗಾಗಿ ಬರೆಯತೊಡಗಿದ ಕಥೆಯೇ 1869ರಲ್ಲಿ 'ಮಿರಾತುಲ್ ಉರೂಸ್' ಕಾದಂಬರಿಯಾಗಿ ಅಚ್ಚಾಯಿತು. ಅದರಲ್ಲಿ ಒರಟಿ ಅಕ್ಬರಿ, ಓದು ಬಲ್ಲ ಜಾಣೆ ಅಸ್ಗರಿ ಇಬ್ಬರು ಅಕ್ಕತಂಗಿಯರು. ಸರ್ಕಾರ ಸಾವಿರ ರೂಪಾಯಿ ಬಹುಮಾನ ಕೊಟ್ಟಿತು. ವಿಚಿತ್ರವೆಂದರೆ, ಹೆಂಗಸರನ್ನು ತಿದ್ದಲು ಹೊರಟ ಪುಸ್ತಕದಲ್ಲೇ ಅವರ ಮಾತು ಜೀವಂತವಾಗಿ ಉಳಿದಿದೆ. ನನಗಂತೂ ಅಕ್ಬರಿಯೇ ಇಷ್ಟ.

ಶಾಲೆ, ಪತ್ರಿಕೆಗಳು ಬಂದವು. ಹುಡುಗಿಯರು ಓದಿದರು, ಬರೆದರು. ಅದು ಬೇಕಾಗಿಯೇ ಇತ್ತು. ಗೋಡೆಯೊಳಗಿನ ಆ ಸೆರೆಯನ್ನು ಮಾತಿನ ಸೊಗಸಿಗಾಗಿ ಹೊಗಳಲಾರೆ. ಆದರೆ ಅಕ್ಷರದ ಜೊತೆ ಗಂಡಸರ ಉರ್ದುವೇ 'ಸರಿಯಾದ ಉರ್ದು' ಆಗಿ ಮನೆಯೊಳಗೆ ಬಂತು. ಸೈಯದ್ ಅಹ್ಮದ್ ದೆಹಲವಿ 1917ರಲ್ಲಿ 'ಲುಗಾತುನ್ನಿಸಾ' ಎಂಬ ಹೆಂಗಸರ ಮಾತಿನ ನಿಘಂಟು ಹೊರತಂದರು. ಅಷ್ಟೊತ್ತಿಗೆ ಆ ಮಾತು ಮುದುಕಿಯರ ಬಾಯಲ್ಲಿ ಉಳಿಯತೊಡಗಿತ್ತು.

ಅಂಥದೊಂದು ನಿಘಂಟು ಇದೆಯೆಂದು ನನಗೆ ತಿಳಿಯುವ ಹೊತ್ತಿಗೆ ದಾದಿ ಇರಲಿಲ್ಲ. ಅಮ್ಮಿಯ ಬಳಿ ಕುಳಿತು ದಾದಿಯ ಮಾತು ಯಾವುದಾದರೂ ನೆನಪಿದೆಯೇ ಎಂದು ಕೇಳಿದೆ. ಒಂದೆರಡು ಹೇಳಿ ಸುಮ್ಮನಾದರು. ಆಮೇಲೆ, "ನೀನು ನಗುತ್ತೀಯ ಅಂತ ಬಿಟ್ಟುಬಿಟ್ಟೆವಲ್ಲ ಬೇಟಾ" ಎಂದರು.