ಬಹುಮಾನದ ಫೋಟೋಗಳು, ಹೆಸರಿಲ್ಲದ ಮುಖಗಳು

ಕತೆ ಬರೆಯುವವರನ್ನು ಫೋಟೋ ಸ್ಪರ್ಧೆಯ ತೀರ್ಪುಗಾರರಾಗಿ ಕರೆಯುವ ಪದ್ಧತಿ ನಮ್ಮ ಕಡೆ ಇಲ್ಲ. ಹೀಗಾಗಿ ವಿಜಯಪುರದ ಕೆಲ ಯುವಕರು ಮನೆಗೆ ಬಂದು ಕೇಳಿದಾಗ, "ತಮ್ಮಾ, ನಮಗೆ ಕ್ಯಾಮೆರಾ ಹಿಡಿಯೋದಕ್ಕೇ ಬರೂದಿಲ್ಲ" ಎಂದೆವು. "ಅದಕ್ಕಽ ಬಂದೇವ್ರಿ ಸರ್, ಹಿಡಿಯಾಕ ಬರೋರೆಲ್ಲಾ ಸ್ಪರ್ಧಾದಾಗಽ ಅದಾರ" ಎಂದು ಅವರು ನಕ್ಕರು. ಒಪ್ಪದೆ ಗತ್ಯಂತರವಿರಲಿಲ್ಲ.

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದ ನೆಪದಲ್ಲಿ ನಡೆದ ಪ್ರದರ್ಶನ ಅದು. ವಿಜಯಪುರ, ತಿಕೋಟಾ, ಬಬಲೇಶ್ವರ ಈ ಮೂರೂ ಕಡೆ ಮೊದಲೇ ಬಹುಮಾನ ಪಡೆದಿದ್ದ ಚಿತ್ರಗಳನ್ನು ಒಂದು ಸಭಾಭವನದ ಗೋಡೆಗೆ ತೂಗುಹಾಕಿದ್ದರು. ಅವುಗಳಲ್ಲಿ ಅತ್ಯುತ್ತಮವಾದದ್ದನ್ನು ಮೂವರು ತೀರ್ಪುಗಾರರು ಆರಿಸಬೇಕಿತ್ತು. ಕೊನೆಗೆ ಕಣದಲ್ಲಿ ಉಳಿದವು ಮೂರು. ಒಂದು, ಮಳೆಮೋಡದ ಕೆಳಗೆ ನಿಂತ ಗೋಳಗುಮ್ಮಟ. ಇನ್ನೊಂದು, ಬಬಲೇಶ್ವರ ಕಡೆಯ ಬಿಳಿಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುವ ಹುಡುಗ. ಮತ್ತೊಂದು, ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಮಣೂಕ ಆರಿಸುತ್ತ ಕುಳಿತ ಮುದುಕಿ. ಹಸಿರು ಪರದೆಯಿಂದ ಸೋಸಿ ಬಂದ ಬೆಳಕು ಆಕೆಯ ಸುಕ್ಕುಗಟ್ಟಿದ ಕೈಗಳ ಮೇಲೆ ಬಿದ್ದಿತ್ತು. ಮೂವರ ಕಣ್ಣೂ ಅಲ್ಲಿಯೇ ನಿಂತಿತು.

ಚಿತ್ರ ತೆಗೆದವರ ಹೆಸರನ್ನು ನಮ್ಮಿಂದ ಮರೆಮಾಡಲಾಗಿತ್ತು. ಅದು ಸರಿಯಾದ ಕ್ರಮವೇ. ಆದರೆ ಅರ್ಜಿಯ ನಮೂನೆ ನಮ್ಮ ಮುಂದಿತ್ತು. ಅದರಲ್ಲಿ ಕ್ಯಾಮೆರಾದ ಹೆಸರಿಗೆ ಜಾಗವಿತ್ತು, ಲೆನ್ಸಿಗೆ ಜಾಗವಿತ್ತು, ಚಿತ್ರಕ್ಕೆ ಕೊಟ್ಟ ಶೀರ್ಷಿಕೆಗೂ ಜಾಗವಿತ್ತು. ಚಿತ್ರದಲ್ಲಿ ಇರುವವರು ಯಾರು ಎಂಬುದಕ್ಕೆ ಮಾತ್ರ ಜಾಗವಿರಲಿಲ್ಲ. "ಈಕೆ ಯಾರು?" ಎಂದು ಕೇಳಿದೆವು. ಸಂಘಟಕರು ಆ ಹುಡುಗನಿಗೆ ಫೋನು ಹಚ್ಚಿ ಕೇಳಿದರು. "ಗೊತ್ತಿಲ್ರಿ, ಶೆಡ್ಡಿನ್ಯಾಗ ಕೆಲಸಾ ಮಾಡಾಕತ್ತಿದ್ಲು" ಎಂಬ ಉತ್ತರ ಬಂತು.

ಆ ಹುಡುಗನನ್ನು ದೂರುವುದು ಸುಲಭ. ಆದರೆ ಹೆಸರು ಕೇಳದ ಈ ರೂಢಿ ಅವನಿಂದ ಶುರುವಾದದ್ದಲ್ಲ. ನಮ್ಮ ನಾಡಿನಲ್ಲಿ ಫೋಟೋಗಳಿಗೆ ಬಹುಮಾನ ಕೊಡುವ ಚರಿತ್ರೆಯಷ್ಟೇ ಹಳೆಯದು ಅದು.

ಡಗೆರ್ ಕಂಡುಹಿಡಿದ ಫೋಟೋ ವಿಧಾನವನ್ನು ಫ್ರಾನ್ಸ್ ಸರಕಾರ ಜಗತ್ತಿಗೆ ಬಹಿರಂಗಪಡಿಸಿದ್ದು 1839ರ ಆಗಸ್ಟ್ 19ರಂದು. ಹದಿನೈದು ವರ್ಷಗಳಲ್ಲಿಯೇ, ಅಂದರೆ 1854ರಲ್ಲಿ, ಮುಂಬೈಯಲ್ಲಿ ಛಾಯಾಚಿತ್ರ ಸಂಘವೊಂದು ಹುಟ್ಟಿತು. ಅದೇ ವರ್ಷದ ಕೊನೆಯಲ್ಲಿ ಲಿನೇಯಸ್ ಟ್ರೈಪ್ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಹಳೇಬೀಡು, ಬೇಲೂರುಗಳಲ್ಲಿ ಕ್ಯಾಮೆರಾ ಹೊತ್ತು ತಿರುಗಿದ. 1855ರ ಮದ್ರಾಸ್ ವಸ್ತುಪ್ರದರ್ಶನದಲ್ಲಿ ಅವನ 68 ಚಿತ್ರಗಳನ್ನು ಇಡಲಾಯಿತು. ಕಾಗದದ ಮೇಲೆ ತೆಗೆದ ದೃಶ್ಯಗಳಲ್ಲಿ ಇದೇ ಅತ್ಯುತ್ತಮ ಮಾಲೆ ಎಂದು ತೀರ್ಪುಗಾರರು ಅವನಿಗೆ ಪ್ರಥಮ ದರ್ಜೆಯ ಪದಕ ಕೊಟ್ಟರು. ಕನ್ನಡ ನೆಲದ ಚಿತ್ರಗಳಿಗೆ ಸಿಕ್ಕ ಮೊದಮೊದಲ ಬಹುಮಾನಗಳಲ್ಲಿ ಇದು ಒಂದು.

ನಮ್ಮ ವಿಜಯಪುರದ ಸರದಿಯೂ 1855ರಲ್ಲಿಯೇ ಬಂತು. ಹಳೆಯ ಕಟ್ಟಡಗಳನ್ನು ಕೈಯಿಂದ ಬರೆಸುವುದಕ್ಕಿಂತ ಫೋಟೋ ತೆಗೆಸುವುದು ಲೇಸೆಂದು ಈಸ್ಟ್ ಇಂಡಿಯಾ ಕಂಪನಿ ತೀರ್ಮಾನಿಸಿತು. ಮುಂಬೈ ಪ್ರಾಂತ್ಯಕ್ಕೆ ಫಿರಂಗಿ ದಳದ ಥಾಮಸ್ ಬಿಗ್ಸ್ ನೇಮಕಗೊಂಡ. ಅವನು ಇಲ್ಲಿಗೂ ಬಂದ, ಬಾದಾಮಿ, ಐಹೊಳೆಗಳಿಗೂ ಹೋದ. ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ವಿಜಯಪುರದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥವಾಗಿ ಹೊರಬಂದವು. ಅದಕ್ಕೆ ಇತಿಹಾಸ ಬರೆದುಕೊಟ್ಟವನು ಸುರಪುರದವರಿಗೆಲ್ಲ ಗೊತ್ತಿರುವ ಮೆಡೋಸ್ ಟೇಲರ್. ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್ನನದು.

ಆ ಚಿತ್ರಗಳ ಋಣ ನಮ್ಮ ಮೇಲಿದೆ, ಅದನ್ನು ಮರೆಯುವಂತಿಲ್ಲ. ದುರಸ್ತಿಯಾಗುವ ಮುಂಚೆ ನಮ್ಮ ಇಮಾರತುಗಳು ಹೇಗಿದ್ದವು ಎಂಬುದಕ್ಕೆ ಅವೇ ಸಾಕ್ಷಿ. ಮುಂದೆ ಹೆನ್ರಿ ಕಸಿನ್ಸ್ ವರ್ಷಗಟ್ಟಲೆ ದುಡಿದು 1916ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಸಂಶೋಧಕರ ಕೈಬಿಡದ ಆಧಾರ. ಆದರೆ ಒಂದು ಸಂಗತಿ ಗಮನಿಸಬೇಕು. ಆ ಕಾಲದ ಕಾಗದದ ನೆಗೆಟಿವ್ ಮೇಲೆ ಚಿತ್ರ ಮೂಡಲು ಬಹಳ ಹೊತ್ತು ಬೆಳಕು ಬೀಳಬೇಕಿತ್ತು. ಕಲ್ಲು ಕದಲುವುದಿಲ್ಲ, ಹೀಗಾಗಿ ಅದು ಸ್ಪಷ್ಟವಾಗಿ ಮೂಡುತ್ತಿತ್ತು. ನಡೆದಾಡುವ ಮನುಷ್ಯರು ಮಸುಕಾಗುತ್ತಿದ್ದರು, ಇಲ್ಲವೆ ಕಾಣುತ್ತಲೇ ಇರಲಿಲ್ಲ. ಅಂಥ ಚಿತ್ರಗಳಲ್ಲಿ ಯಾರನ್ನಾದರೂ ಅಲುಗಾಡದಂತೆ ನಿಲ್ಲಿಸುತ್ತಿದ್ದರೆ ಬಹುಮಟ್ಟಿಗೆ ಅದು ಕಟ್ಟಡದ ಎತ್ತರ ತಿಳಿಯಲೆಂದು. ಅವನು ಅಲ್ಲಿ ಮನುಷ್ಯನಲ್ಲ, ಅಳತೆಯ ಕೋಲು. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹ 1656ರಲ್ಲಿ ತೀರಿಕೊಂಡ ಎಂದು ಪುಸ್ತಕ ಹೇಳುತ್ತದೆ. ಅದರ ಬುಡದಲ್ಲಿ ಬದುಕಿದ್ದವರ ಹೆಸರು ಹೇಳುವುದಿಲ್ಲ.

ಕ್ಯಾಮೆರಾ ಬರುವ ಮೊದಲೂ ಇಲ್ಲಿ ಮುಖ ಬರೆಯುವವರಿದ್ದರು. ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ (1580-1627) ದರಬಾರಿನಲ್ಲಿ ಫರ್ರುಖ್ ಹುಸೇನನಂಥ ಕಲಾವಿದರು ಚಿತ್ರ ಬರೆಯುತ್ತಿದ್ದರು. ಆ ದರಬಾರಿನಿಂದ ಬಂದ ಸುಲ್ತಾನನ ಭಾವಚಿತ್ರಗಳು ಇಂದು ಪರದೇಶದ ಮ್ಯೂಜಿಯಮ್ಮುಗಳಲ್ಲಿವೆ. ಸುಲ್ತಾನನ ಕೊರಳ ಹಾರದ ಮಣಿಯನ್ನು ಅಲ್ಲಿ ಎಣಿಸಬಹುದು. ಆದರೆ ಡೋಣಿ ದಂಡೆಯಲ್ಲಿ ಜೋಳ ಬೆಳೆದು ಆ ದರಬಾರಿಗೆ ಕಂದಾಯ ಕೊಟ್ಟ ರೈತನ ಮುಖ ನಮಗೆ ಸಿಗುವುದಿಲ್ಲ. ಇನ್ನು ನಮ್ಮ ಹಿರಿಯರಲ್ಲಿ ಹಲವರು ಧಾರ್ಮಿಕ ಸಂಕೋಚದಿಂದ ಫೋಟೋಕ್ಕೆ ಕೂರುತ್ತಲೇ ಇರಲಿಲ್ಲ. ಹಜ್ ಯಾತ್ರೆಯ ಪಾಸ್‌ಪೋರ್ಟಿಗೆಂದು ಮೊದಲ ಸಲ ಸ್ಟುಡಿಯೋ ಮೆಟ್ಟಿಲು ಹತ್ತಿದವರನ್ನು ನಾವು ಕಂಡಿದ್ದೇವೆ. ಆ ಸಂಕೋಚವನ್ನು ಒಪ್ಪುವುದು ಬಿಡುವುದು ಬೇರೆ ಮಾತು. "ನನ್ನ ಮುಖ ನನ್ನದು" ಎಂಬ ಅರಿವೊಂದು ಅದರೊಳಗಿತ್ತು ಎಂಬುದನ್ನು ಅಲ್ಲಗಳೆಯಲಾಗದು.

ಮನುಷ್ಯರತ್ತ ಕ್ಯಾಮೆರಾ ತಿರುಗಿದಾಗ ಏನಾಯಿತು? 1876-78ರ ಭೀಕರ ಬರಗಾಲದಲ್ಲಿ ಡಬ್ಲ್ಯು. ಡಬ್ಲ್ಯು. ಹೂಪರ್ ಎಂಬ ಸೈನ್ಯಾಧಿಕಾರಿ ಮದ್ರಾಸ್ ಪ್ರಾಂತ್ಯದಲ್ಲಿ ಹಸಿದವರ ಚಿತ್ರ ತೆಗೆದ. ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ನಮ್ಮ ಸೀಮೆಯೂ ಆ ಬರಕ್ಕೆ ಕಂಗೆಟ್ಟಿತ್ತು. ಎಲುಬಿನ ಹಂದರವಾದವರನ್ನು ಗುಂಪಾಗಿ ಕೂರಿಸಿ ತೆಗೆದ ಆ ಚಿತ್ರಗಳು ಬರದ ಕ್ರೌರ್ಯವನ್ನು ಜಗತ್ತಿಗೆ ತೋರಿಸಿದ್ದು ನಿಜ. ಸಾಯುವವರನ್ನು ಸರಕು ಮಾಡಿದನೆಂಬ ಟೀಕೆಯೂ ಬಂತು. 1886ರಲ್ಲಿ ಇದೇ ಹೂಪರ್ ಬರ್ಮಾದಲ್ಲಿ ಗುಂಡಿಟ್ಟು ಕೊಲ್ಲುವ ಗಳಿಗೆಯನ್ನೇ ಸೆರೆಹಿಡಿಯಲು ಹೋದಾಗ ಬ್ರಿಟನ್ನಿನಲ್ಲಿಯೂ ಕೋಲಾಹಲವೆದ್ದು ವಿಚಾರಣೆ ನಡೆಯಿತು.

ಇಪ್ಪತ್ತನೆಯ ಶತಮಾನದಲ್ಲಿ ಫೋಟೋ ನಾಗರಿಕರ ಹವ್ಯಾಸವಾಯಿತು. 1953ರಲ್ಲಿ ಹುಟ್ಟಿದ ಭಾರತೀಯ ಛಾಯಾಚಿತ್ರ ಸಂಘಗಳ ಒಕ್ಕೂಟಕ್ಕೆ ಬೆಂಗಳೂರಿನ ಡಾ. ಜಿ. ಥಾಮಸ್ ಮುಂದಾಳಾಗಿದ್ದರು. ಹೆಸರು ಮರೆಮಾಡಿ ಅಂಕ ಹಾಕುವ ಸಲೋನ್ ಪದ್ಧತಿ ಹಬ್ಬಿ, ಸಣ್ಣ ಊರಿನ ಹುಡುಗನೂ ದೊಡ್ಡವರ ಜೊತೆ ಸ್ಪರ್ಧಿಸುವಂತಾಯಿತು. ಇದು ದೊಡ್ಡ ಲಾಭವೇ. ಬೆಳಕು, ಚೌಕಟ್ಟು, ಸ್ಪಷ್ಟತೆಗಳಿಗೆ ಅಂಕ ಬಂದವು. ಒಪ್ಪಿಗೆಗೆ ಅಂಕ ಬರಲಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರಂಥವರು ಸಾಮಾನ್ಯರ ಬಾಳನ್ನೇ ತಮ್ಮ ವಸ್ತು ಮಾಡಿಕೊಂಡರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ವಿಶ್ವಸಂಸ್ಥೆಯ ನ್ಯೂಯಾರ್ಕ್ ಕಚೇರಿಯಲ್ಲಿ ಪ್ರದರ್ಶನಗೊಂಡವು. ಬಡವರ ಚಿತ್ರದಲ್ಲಿ ದೈನ್ಯ ಮಾತ್ರವಲ್ಲ, ನಗುವೂ ಘನತೆಯೂ ಇರಬಲ್ಲವು ಎಂದು ತೋರಿಸಿದ ದಾರಿ ಅದು.

ಆದರೂ ಹಳೆಯ ರೂಢಿ ಗಟ್ಟಿ. 1985ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಬಂದ ಹಸಿರುಗಣ್ಣಿನ ಅಫ್ಘಾನ್ ಹುಡುಗಿಯನ್ನು ಜಗತ್ತೆಲ್ಲ ಕೊಂಡಾಡಿತು. ಆಕೆಯ ಹೆಸರು ಶರಬತ್ ಗುಲಾ ಎಂದು ಜಗತ್ತಿಗೆ ತಿಳಿದದ್ದು 2002ರಲ್ಲಿ! ಅದೇ 2002ರಲ್ಲಿ ಅಹಮದಾಬಾದಿನಲ್ಲಿ ಕೈಮುಗಿದು ಪ್ರಾಣಭಿಕ್ಷೆ ಬೇಡುತ್ತಿದ್ದ ದರ್ಜಿ ಕುತುಬುದ್ದೀನ್ ಅನ್ಸಾರಿಯವರ ಚಿತ್ರ ಎಲ್ಲೆಡೆ ಅಚ್ಚಾಯಿತು. ಆ ಚಿತ್ರ ಸತ್ಯ ಹೇಳಿತು, ಹೇಳಲೇಬೇಕಿತ್ತು. ಆದರೆ ಹೋದಲ್ಲೆಲ್ಲ ಗುರುತು ಸಿಕ್ಕು ಅವರು ಪಟ್ಟ ಕಷ್ಟ ಬೇರೆಯೇ. ತಮ್ಮ ಚಿತ್ರವನ್ನು ಚುನಾವಣೆ ಪ್ರಚಾರಕ್ಕೆ ಬಳಸಿದಾಗ ಅವರು ಬಹಿರಂಗವಾಗಿ ನೋವು ತೋಡಿಕೊಂಡರು.

ಈಗ ಇನ್ನೊಂದು ಕಾಲ ಬಂದಿದೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಎಂಬವರು ಅಂತಾರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಗೆದ್ದ ಬಹುಮಾನವನ್ನು ನಿರಾಕರಿಸಿದರು. ಇಬ್ಬರು ಹೆಂಗಸರಿದ್ದ ಆ ಚಿತ್ರವನ್ನು ಕಂಪ್ಯೂಟರಿನ ಕೃತಕ ಬುದ್ಧಿಯಿಂದ ಮಾಡಿಸಿದ್ದೆ, ಇದು ಫೋಟೋ ಅಲ್ಲ ಎಂದರು. ಹುಟ್ಟದೇ ಇದ್ದವರ ಮುಖಕ್ಕೆ ತೀರ್ಪುಗಾರರು ಬಹುಮಾನ ಕೊಟ್ಟಿದ್ದರು. ಇಂಥ ದಿನಗಳಲ್ಲಿ "ಚಿತ್ರದಲ್ಲಿ ಇರುವವರು ಯಾರು?" ಎಂಬ ಪ್ರಶ್ನೆ ಬರೀ ಸೌಜನ್ಯದ್ದಲ್ಲ. ಫೋಟೋ ಫೋಟೋವೇ ಹೌದೆಂಬುದಕ್ಕೆ ಅದೇ ಮೊದಲ ಪುರಾವೆ.

ನಮ್ಮ ತೀರ್ಪಿನ ಕೋಣೆಗೆ ಮರಳೋಣ. ಜೊತೆಯಲ್ಲಿದ್ದ ಹಿರಿಯ ಸ್ಟುಡಿಯೋ ಮಾಲೀಕರು ನಮ್ಮ ಮಾತನ್ನು ಒಪ್ಪಲಿಲ್ಲ. "ಅಂಕಾ ಕೊಡೋದು ಫೋಟೋಕ್ಕರಿ, ಮಂದಿಗಲ್ಲ. ಕೇಳಿ ತೆಗದ್ರ ಎಲ್ಲಾರೂ ಸೆಟದು ನಿಂದರ್ತಾರ" ಎಂದರು. ಅವರ ಮಾತಿನಲ್ಲಿ ನಲವತ್ತು ವರ್ಷದ ಅನುಭವವಿತ್ತು. ತೆಗೆಯುವ ಮೊದಲು ಕೇಳದಿದ್ದರೂ ತೂಗುಹಾಕುವ ಮೊದಲು ಕೇಳಬಹುದಲ್ಲ ಎಂದೆವು. ಇದಕ್ಕೆ ಮೂವರೂ ಒಪ್ಪಿದೆವು. ಮೊದಲ ಬಹುಮಾನ ಆ ಚಿತ್ರಕ್ಕೇ, ಆದರೆ ಹುಡುಗ ಪ್ರತಿಯೊಂದನ್ನು ಒಯ್ದು ಆ ತಾಯಿಗೆ ತೋರಿಸಿ ಬಂದ ಮೇಲೆ.

ಮರುದಿನ ಅವನು ತಿಕೋಟಾದಿಂದ ಬಂದು ವರದಿ ಒಪ್ಪಿಸಿದ. ಆಕೆ ಚಿತ್ರವನ್ನು ಬಹಳ ಹೊತ್ತು ನೋಡಿದಳಂತೆ. "ತೂಗಹಾಕ್ರಿ, ಆದ್ರ ಹೆಸರ ಬರೀಬ್ಯಾಡ್ರಿ. ಇದೊಂದ ನನಗ ಬಿಟ್ಟ ಹೋಗಪಾ. ಆಧಾರ್ ಕಾರ್ಡಿಂದ ಬಿಟ್ರ ಮನ್ಯಾಗ ನಂದೊಂದೂ ಫೋಟೋ ಇಲ್ಲ" ಎಂದಳಂತೆ.

ಹೆಸರು ಬೇಕೆಂದು ನಾವು ಹಟ ಹಿಡಿದಿದ್ದೆವು. ಆಕೆ ಬೇಡವೆಂದಳು. ಆದರೆ ಕೇಳದೆ ಬಿಟ್ಟ ಹೆಸರಿಗೂ, ಕೇಳಿದ ಮೇಲೆ ಆಕೆಯೇ ಬೇಡವೆಂದ ಹೆಸರಿಗೂ ಅಂತರವಿದೆ. ಪ್ರದರ್ಶನದಲ್ಲಿ ಆ ಚಿತ್ರ ಹೆಸರಿಲ್ಲದೆಯೇ ತೂಗಿತು. ಮುಂದಿನ ವರ್ಷದ ಅರ್ಜಿಯಲ್ಲಿ ಒಂದು ಕಾಲಂ ಹೆಚ್ಚಿಗೆ ಸೇರಿಸುವುದಾಗಿ ಯುವಕರು ಹೇಳಿದ್ದಾರೆ. ನಾವೂ ಅಂದು ರಾತ್ರಿ ಮನೆಗೆ ಬಂದು ನಮ್ಮ ಹಳೆಯ ಕತೆಗಳ ಪುಟ ತಿರುವಿದೆವು. ಓಣಿಯ ಎಷ್ಟೋ ಜನ ಅವುಗಳಲ್ಲಿದ್ದಾರೆ. ಅವರಲ್ಲಿ ಒಬ್ಬರನ್ನೂ ನಾವು ಕೇಳಿರಲಿಲ್ಲ.