ಕ್ಯಾಮೆರಾದ ಕೊಂಡಿ ಕಥೆ

ನಮ್ಮೂರು ತುಳಸಿಗೇರಿಗೆ ಹೋದಾಗೆಲ್ಲ ಕಾಕಾನದು ಒಂದೇ ಪ್ರಶ್ನೆ: "ಕ್ಯಾಮೆರಾ ಒಬ್ಬಾಂವ ಮಾಡ್ತಾನ, ಕಂಪ್ಯೂಟರ್ ಇನ್ನೊಬ್ಬಾಂವ ಮಾಡ್ತಾನ. ನಡಕ ನಿಂದೇನಪಾ ಕೆಲಸ?" ಆ 'ನಡಕ' ಅನ್ನೋದೇ ನನ್ನ ಕೆಲಸ :) ಅದಕ್ಕೂ ಒಂದು ಇತಿಹಾಸ ಇದೆ.

ಕಾರ್ಖಾನೆಯಲ್ಲಿ ಬಾಟಲಿ, ಮಾತ್ರೆ, ನಟ್ಟು-ಬೋಲ್ಟು ತಪಾಸಣೆ ಮಾಡುವ ಕ್ಯಾಮೆರಾ ಚಿತ್ರಗಳನ್ನ ಕೇಬಲ್ಲಿನಲ್ಲಿ ಸುರಿಯುತ್ತಲೇ ಇರುತ್ತದೆ. ಅದನ್ನ ಹಿಡಿದು ಕಂಪ್ಯೂಟರಿನ ಮೆಮೊರಿಗೆ ಹಾಕುವ ಕಾರ್ಡೇ ಫ್ರೇಮ್ ಗ್ರ್ಯಾಬರ್. ಅನಲಾಗ್ ಕಾಲದಲ್ಲಿ ಕ್ಯಾಮೆರಾದ ಸಿಗ್ನಲ್ ಹೆಚ್ಚಾಗಿ ಟೀವಿಯದೇ... ೬೨೫ ಗೆರೆ, ಸೆಕೆಂಡಿಗೆ ೨೫ ಚಿತ್ರ. ಆದರೆ ಕಾರ್ಡಿನ ಜೊತೆ ಮಾತಾಡುವ ಸಾಫ್ಟ್‌ವೇರ್ ಒಬ್ಬೊಬ್ಬರದು ಒಂದೊಂದು. ಕಾರ್ಡ್ ಬದಲಾಯ್ತಾ, ಕೋಡ್ ಮತ್ತೆ ಮೊದಲಿಂದ. ಯಂತ್ರ ಬಾಳುವಷ್ಟು ಕಾಲ ಕಾರ್ಡು ಅಂಗಡಿಯಲ್ಲಿ ಸಿಗುವುದಿಲ್ಲ. ಸಣ್ಣ ಕಂಪನಿ ಮುಳುಗಲು ಅಷ್ಟು ಸಾಕು. ಯೂನಿಕೋಡ್‌ಗೆ ಮುಂಚೆ ಒಂದು ಫಾಂಟಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲಾಗದೆ ಕನ್ನಡಿಗರು ಪಟ್ಟ ಪಾಡು ಗೊತ್ತಲ್ಲ, ಥೇಟ್ ಹಾಗೇ.

೨೦೦೦ದಲ್ಲಿ ಕ್ಯಾಮೆರಾ ಲಿಂಕ್ ಅನ್ನೋ ಮಾನಕ ಬಂತು. ಕೇಬಲ್ಲು, ೨೬ ಪಿನ್ನಿನ ಕನೆಕ್ಟರು ಎಲ್ಲರಿಗೂ ಒಂದೇ ಆಯ್ತು. ಕ್ಯಾಮೆರಾಕ್ಕೆ ಆಜ್ಞೆ ಕಳಿಸಲು ಪ್ರತಿ ಕಾರ್ಡ್ ಕಂಪನಿಯೂ 'ಸಿಎಲ್‌ಸೆರ್' ಅಂತ ಶುರುವಾಗಿ ತನ್ನ ಮೂರಕ್ಷರ ಅಂಟಿಸಿಕೊಂಡ ಒಂದು ಡಿಎಲ್‌ಎಲ್ ಕೊಡಬೇಕು, ಒಳಗಿನ ಫಂಕ್ಷನ್‌ಗಳ ಹೆಸರು ಮಾತ್ರ ಎಲ್ಲರದೂ ಒಂದೇ! ಯಾರೂ ಇದರ ಬಗ್ಗೆ ಬರೆಯೋದಿಲ್ಲ, ಆದರೆ ನನ್ನ ಪ್ರಕಾರ ದೊಡ್ಡ ಹೆಜ್ಜೆ ಇದೇ. ಚಿತ್ರ ತರಿಸುವ ಕೋಡ್ ಮಾತ್ರ ಇನ್ನೂ ಅವರವರದೇ ಇತ್ತು. ಆಜ್ಞೆಗಳೂ ಅಷ್ಟೇ, ಒಬ್ಬ 'ಶಟರ್' ಅಂದದ್ದನ್ನ ಇನ್ನೊಬ್ಬ 'ಎಕ್ಸ್‌ಪೋಷರ್' ಅನ್ನೋನು.

ಮುಂದಿನದು ಯುರೋಪಿನ ಮಷಿನ್ ವಿಷನ್ ಸಂಘ ಇಎಂವಿಎ ಆಶ್ರಯದ ಜೆನ್‌ಐಕ್ಯಾಮ್. ೨೦೦೬ರಲ್ಲಿ ಬಂದ ಗಿಗ್‌ಇ ವಿಷನ್ ಇದನ್ನ ಕಡ್ಡಾಯ ಮಾಡಿತು: ಕ್ಯಾಮೆರಾ ತನ್ನ ಗುಣಗಳನ್ನೆಲ್ಲ ಒಂದು ಎಕ್ಸ್‌ಎಂಎಲ್ ಕಡತದಲ್ಲಿ ತಾನೇ ಹೇಳಿಕೊಳ್ಳಬೇಕು.

೨೦೦೮ರಲ್ಲಿ ಜೆನ್‌ಟಿಎಲ್ ಬಂದಾಗ ಚಿತ್ರದ ದಾರಿಯೂ ಒಂದಾಯ್ತು. ಇದರಲ್ಲಿ ಒಂದರೊಳಗೊಂದು ಐದು ಮಾಡ್ಯೂಲ್: ಸಿಸ್ಟಮ್, ಅದರೊಳಗೆ ಇಂಟರ್‌ಫೇಸ್ (ಅಂದ್ರೆ ಕಾರ್ಡು), ಡಿವೈಸ್ (ಕ್ಯಾಮೆರಾ), ಡೇಟಾ ಸ್ಟ್ರೀಮ್, ಕೊನೆಗೆ ಬಫರ್. ಬಫರ್ ಅಂದ್ರೆ ನಲ್ಲಿ ಮುಂದಿನ ಕೊಡ ಇದ್ದಂಗೆ. ಖಾಲಿ ಕೊಡ ಸಾಲಿನಲ್ಲಿಡಿ, ತುಂಬಿದ್ದನ್ನ ಒಯ್ದು ಬಳಸಿ, ಮತ್ತೆ ತಂದಿಡಿ. ಕೊಡ ತರೋದು ತಡವಾದರೆ ನೀರು ಚೆಲ್ಲಿತು... ಚಿತ್ರ ಹೋಯ್ತು!

ಕಾರ್ಡಿನವರು ಇದೆಲ್ಲವನ್ನ 'ಸಿಟಿಐ' ಅನ್ನೋ ಎಕ್ಸ್‌ಟೆನ್ಶನ್ ಇರುವ ಕಡತದಲ್ಲಿಟ್ಟು ಕೊಡುತ್ತಾರೆ, ನಮ್ಮ ಪ್ರೋಗ್ರಾಮ್ ಅದನ್ನ ತೆರೆಯುತ್ತದೆ. ನಮ್ಮ ಜಿಲ್ಲೆಯ ಇಳಕಲ್‌ನಲ್ಲಿ ಸೀರೆ ನೇಯುವವರು ಒಡಲಿನ ಹಾಸು, ಸೆರಗಿನ ಹಾಸು ಬೇರೆ ಬೇರೆ ಮಾಡಿಕೊಂಡು ಕೊಂಡಿ ಹಾಕಿ ಕೂಡಿಸ್ತಾರಲ್ಲ, ಹಂಗೆ. ಎರಡೂ ಕಡೆಯವರು ಕೊಂಡಿ ಹೇಗಿರಬೇಕು ಅಂತ ಮಾತ್ರ ಒಪ್ಪಿದರೆ ಸಾಕು.

ಈಗ ಪೈಥಾನ್‌ನಲ್ಲಿ ಹಾರ್ವೆಸ್ಟರ್ಸ್ ಅನ್ನೋ ಮುಕ್ತ ಲೈಬ್ರರಿಗೆ ಆ ಕಡತ ಎಲ್ಲಿದೆ ಅಂತ ತೋರಿಸಿದರೆ ಕೆಲವೇ ಸಾಲಿನಲ್ಲಿ ಚಿತ್ರ ಬರುತ್ತದೆ. ಆದರೆ ಕೆಲವು ಕಂಪನಿಗಳ ಸಿಟಿಐ ತಮ್ಮ ಕ್ಯಾಮೆರಾ ಬಿಟ್ಟು ಬೇರೆಯದನ್ನ ಮುಟ್ಟುವುದೇ ಇಲ್ಲ. ನೀವ್ಯಾರಾದರೂ ಕ್ಯಾಮೆರಾ ಕೊಳ್ಳೋರಿದ್ರೆ, ದುಡ್ಡು ಕೊಡೋ ಮುಂಚೆ ಇದೊಂದನ್ನ ಕೇಳಿ.